ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್: ಸುಣ್ಣದ ಗೋಡೆ ಕೆಲಸದವನ ಕಣ್ಣಲ್ಲಿ

ಮಂಗಳೂರು ನೋಡಲು ಹೊರಟವರಿಗೆ ನಾನು ಹೇಳುವುದಿಷ್ಟು: ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ (ಪ್ರಾರ್ಥನಾ ಮಂದಿರಕ್ಕೆ) ಒಂದು ತಾಸಾದರೂ ಇಟ್ಟುಕೊಳ್ಳಿ. ಐದಕ್ಕೆ ಐದು ಅಂಕ ಕೊಡುವ ಜಾಗ ಅದು. ಆದರೆ ಆ ಐದು ಅಂಕದ ಬೆಲೆ ಗೊತ್ತಾಗಬೇಕಾದರೆ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುತ್ತ ಕೂರಬೇಕು.

ಮೊದಲ ಸಲ ನಮಗೆ ಅದು ಆಗಲಿಲ್ಲ. ಒಂದೇ ದಿನದಲ್ಲಿ ಊರೆಲ್ಲ ತೋರಿಸುವ ಟ್ರಾವೆಲ್ಸ್ ಗಾಡಿಯಲ್ಲಿ ಮನೆಯವರೆಲ್ಲ ಹೋಗಿದ್ದೆವು. ಕದ್ರಿ, ಕುದ್ರೋಳಿ, ಪಣಂಬೂರಿನ ನಡುವೆ ಇಲ್ಲಿ ಕಾಲು ತಾಸು ಇಳಿಸಿದರು. ನಾನು ಇನ್ನೂ ಬಾಗಿಲ ಬಳಿಯ ಕಂಬ ನೋಡುತ್ತಿದ್ದೆ, ಹೊರಗೆ ಹಾರ್ನ್ ಹೊಡೆಯಲು ಶುರುಮಾಡಿದರು. ಇಂಥ ಪ್ಯಾಕೇಜಿನಲ್ಲಿ ಈ ಜಾಗ ನೋಡಲೇಬೇಡಿ ಎನ್ನುತ್ತೇನೆ. ಆಮೇಲೆ ಕೆಲಸದ ನೆಪದಲ್ಲಿ ಮಂಗಳೂರಿಗೆ ಹೋದಾಗೆಲ್ಲ ಒಬ್ಬನೇ ಹೋಗಿ ಕೂತಿದ್ದೇನೆ.

ನಾನು ಹೊನ್ನಾವರ ಕಡೆಯವ. ಅಪ್ಪ ಗಾರೆ ಕೆಲಸ ಮಾಡುತ್ತಿದ್ದರು. ನಾನು ಹಳೆ ದೇವಸ್ಥಾನ, ಹಳೆ ಮನೆಗಳ ಸುಣ್ಣದ ಗೋಡೆ ದುರಸ್ತಿ ಮಾಡುತ್ತೇನೆ. ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಬಿಡಿಸಿದ ಕಾವಿ ಚಿತ್ರ ಇದ್ದಲ್ಲಿ ಅದನ್ನೂ ಸರಿಪಡಿಸುತ್ತೇನೆ. ಕ್ರೈಸ್ತನಲ್ಲ. ಬೈಬಲ್ ಓದಿದ್ದು ಈ ಗೋಡೆಗಳನ್ನು ನೋಡಿದ ಮೇಲೆ. ಹಾಗಾಗಿ ಇಲ್ಲಿ ಬರೆಯುವುದು ಭಕ್ತನ ಮಾತೂ ಅಲ್ಲ, ಪಂಡಿತನ ಮಾತೂ ಅಲ್ಲ. ಕರಣೆ ಹಿಡಿದವನ ಮಾತು.

ಒಳಗೆ ಕಾಲಿಟ್ಟರೆ ಬರೀ ಗೋಡೆ ಎನ್ನುವಂಥದ್ದು ಕಣ್ಣಿಗೆ ಬೀಳುವುದೇ ಕಷ್ಟ. ಗೋಡೆ, ಕಮಾನು, ಇಳಿಜಾರು ಮಾಡು, ನಡುವಿನ ಮಾಡು, ಎಲ್ಲೆಲ್ಲೂ ಚಿತ್ರ. ಮಾಡಿದವರು ಒಬ್ಬರೇ: ಬ್ರದರ್ ಆಂಟೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಮೊ ಹತ್ತಿರದ ಸ್ಟೆಜ್ಜಾನೊ ಊರಲ್ಲಿ 1854ರಲ್ಲಿ ಹುಟ್ಟಿದವರು. ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತು, ಆ ಕಡೆಯ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಕೆಲಸ ಮಾಡಿ ಹೆಸರು ಗಳಿಸಿ, 1889ರಲ್ಲಿ ಕ್ಯಾಥೋಲಿಕ್ ಸನ್ಯಾಸಿಗಳ ಸಂಘವಾದ ಯೇಸುಸಭೆ ಸೇರಿದರು. 1898ರಲ್ಲಿ ಅವರನ್ನು ಮಂಗಳೂರಿಗೆ ಕಳಿಸಿದರು. 1880ರಲ್ಲಿ ಶುರುವಾದ ಕಾಲೇಜು, ಅದರ ಹಿಂದೆಯೇ ಎದ್ದ ಚಾಪೆಲ್. ಅವರು ಬರುವ ಹೊತ್ತಿಗೆ ಗೋಡೆಗಳು ಬೋಳಾಗಿ ಕಾಯುತ್ತಿದ್ದವು. 1899ರಲ್ಲಿ ಸಾರುವೆ ಹತ್ತಿದವರು ಎರಡು ಎರಡೂವರೆ ವರ್ಷದಲ್ಲಿ ಇಷ್ಟನ್ನೂ ಮುಗಿಸಿದರು. ನಮ್ಮಲ್ಲಿ ಒಂದು ಗರ್ಭಗುಡಿಯ ಹೊರಗೋಡೆ ಸುತ್ತ ಕಾವಿ ಮಾಡಲು ಮಳೆಗಾಲ ಬಿಟ್ಟು ಒಂದಿಡೀ ಹಂಗಾಮು ಬೇಕು. ಆ ಲೆಕ್ಕದಲ್ಲಿ ಇದು ನಂಬಲಾಗದ ವೇಗ.

ಗೋಡೆಯ ಚಿತ್ರಗಳು ಫ್ರೆಸ್ಕೊ. ಹೆಸರು ಕೇಳಿ ದೂರದ್ದು ಎಂದುಕೊಳ್ಳಬೇಡಿ, ಸುಣ್ಣ ಕಲಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾರೆ ಇನ್ನೂ ಹಸಿಯಿರುವಾಗ ಬರೀ ನೀರಲ್ಲಿ ಕಲಸಿದ ಬಣ್ಣವನ್ನು ಬಳಿಯುತ್ತಾರೆ. ಅಂಟು ಬೇಡ, ಎಣ್ಣೆ ಬೇಡ. ಒಣಗುತ್ತ ಒಣಗುತ್ತ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಕಲ್ಲಿನೊಳಗೆ ಸಿಕ್ಕಿಬೀಳುತ್ತವೆ. ಬಣ್ಣ ಗೋಡೆಯ ಮೇಲೆ ಇರುವುದಿಲ್ಲ, ಗೋಡೆಯೇ ಆಗಿಬಿಡುತ್ತದೆ. ಅನುಕೂಲ ಅದು. ತೊಂದರೆ ಏನೆಂದರೆ, ಬೆಳಿಗ್ಗೆ ಎಷ್ಟು ಗಾರೆ ಸಾರಿಸಿದ್ದೀರೋ ಅಷ್ಟನ್ನು ಅದು ಬಿಗಿಯುವ ಮೊದಲು ಬರೆದು ಮುಗಿಸಬೇಕು. ಸಂಜೆ ಉಳಿದ ಗಾರೆಯನ್ನು ಕೆತ್ತಿ ತೆಗೆದು ಮಾರನೇ ದಿನ ಹೊಸದಾಗಿ ಹಚ್ಚಬೇಕು. ತಪ್ಪಿದರೆ ಒರೆಸುವಂತಿಲ್ಲ. ಇನ್ನೊಂದು, ಸುಣ್ಣದ ಖಾರಕ್ಕೆ ಎಲ್ಲ ಬಣ್ಣವೂ ತಾಳುವುದಿಲ್ಲ. ಕೆಮ್ಮಣ್ಣು, ಹಳದಿ ಮಣ್ಣಿನಂಥ ಮಣ್ಣಿನ ಬಣ್ಣಗಳೇ ನಂಬಿಕಸ್ಥ ಆಳುಗಳು. ಒಣಗಿದ ಮೇಲೆ ಬಣ್ಣ ಬೇರೆಯೇ ಕಾಣುತ್ತದೆ, ಹಸಿಯಲ್ಲಿ ಕಂಡದ್ದನ್ನು ನೆಚ್ಚಿಕೊಳ್ಳುವಂತಿಲ್ಲ.

ಒಂದು ದಿನದ ಕೆಲಸ ಮತ್ತು ಮಾರನೇ ದಿನದ ಕೆಲಸ ಸೇರುವಲ್ಲಿ ಒಂದು ಕೂಡುಗೆರೆ ಉಳಿಯುವುದು ವಾಡಿಕೆ. ನಾನು ಕಣ್ಣು ಕಿರಿದು ಮಾಡಿ ಅದನ್ನೇ ಹುಡುಕಿದೆ. ನೆಲದ ಮೇಲೆ ನಿಂತವನಿಗೆ ಒಂದೂ ಸಿಗಲಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಊರಲ್ಲಿ, ಗಾರೆ ಯಾವಾಗ ಬಿಗಿಯುತ್ತದೆ ಎಂಬ ಅಂದಾಜೇ ಇಟಲಿಗಿಂತ ಬೇರೆ. ಅದನ್ನು ಈ ಮನುಷ್ಯ ಬಂದ ಒಂದೇ ವರ್ಷದಲ್ಲಿ ಕೈಗೆ ಹತ್ತಿಸಿಕೊಂಡಿದ್ದಾರೆ. ಚಿತ್ರ ಚೆನ್ನಾಗಿದೆ ಎಂದು ಯಾರೂ ಹೇಳುತ್ತಾರೆ. ನನಗೆ ಕೈಮುಗಿಯಬೇಕು ಅನ್ನಿಸಿದ್ದು ಈ ಲೆಕ್ಕಕ್ಕೆ.

ನಡುಮಾಡಿನ ಚಿತ್ರಗಳು ಮಾತ್ರ ಫ್ರೆಸ್ಕೊ ಅಲ್ಲ, ಕ್ಯಾನ್ವಾಸ್ ಮೇಲಿನ ತೈಲವರ್ಣ. ಕಂಬಗಳ ಮೇಲಿನ ಕೆತ್ತನೆ, ದೇವದೂತ ಮಕ್ಕಳು ಹಿಡಿದ ಹೂಮಾಲೆ, ಇವನ್ನೆಲ್ಲ ಉಬ್ಬುಗೆತ್ತನೆ ಎಂದುಕೊಂಡು ಹತ್ತಿರ ಹೋದರೆ ಗೋಡೆ ಸಪಾಟು. ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಂಡು ನೆರಳನ್ನು ಅದಕ್ಕೆ ಸರಿಯಾಗಿ ಎಳೆದಿದ್ದಾರೆ. ನನ್ನಂಥವನೂ ಒಂದು ಕಂಬದ ಅಂಚನ್ನು ಅಡ್ಡದಿಂದ ಬಾಗಿ ನೋಡಿದ ಮೇಲೆಯೇ ನಂಬಿದೆ. ಮುಟ್ಟಬೇಡಿ. ಬೆವರಿನ ಉಪ್ಪು ಸುಣ್ಣಕ್ಕೆ ಆಗುವುದಿಲ್ಲ.

ಇನ್ನು ಕಥೆಯ ವಿಚಾರ. ಯೇಸುವಿನ ಜೀವನ ಹೇಳುವ ಬೈಬಲಿನ ಶುಭಸಂದೇಶಗಳನ್ನು ಓದಿದವರಿಗೆ ಗೊತ್ತು, ಅಲ್ಲಿ ವರ್ಣನೆ ಬಹಳ ಕಡಿಮೆ. ಯೇಸು ನೋಡಲು ಹೇಗಿದ್ದರು, ಮುಖ ಉದ್ದವೋ ದುಂಡೋ, ಒಂದು ಸಾಲೂ ಇಲ್ಲ. ಯಾರು ಬಂದರು, ಏನು ಹೇಳಿದರು, ಏನಾಯಿತು, ಅಷ್ಟೇ. ಅಲ್ಲಿ ಬಿಟ್ಟ ಜಾಗವನ್ನು ತುಂಬುವ ಕೆಲಸ ಬಣ್ಣದವರಿಗೆ ಬಂತು. ಸಾವಿರಕ್ಕೂ ಹೆಚ್ಚು ವರ್ಷ ಯುರೋಪಿನ ಚಿತ್ರಕಾರರು ಬದುಕಿದ್ದೇ ಈ ಬಿಟ್ಟ ಜಾಗದಲ್ಲಿ. ಅಲೋಶಿಯಸ್ ಚಾಪೆಲ್‌ನಲ್ಲಿ ನೋಡಬೇಕಾದ್ದು ಅದನ್ನು: ಎರಡು ಸಾಲಿನ ಮಾತು ಒಂದಿಡೀ ಗೋಡೆ ಆಗುವುದು ಹೇಗೆ ಎಂದು.

ಹಿಂದಿನ ಗೋಡೆಯನ್ನೇ ತೆಗೆದುಕೊಳ್ಳಿ. ಯೇಸು ಮತ್ತು ಮಕ್ಕಳು. ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಈ ಪ್ರಸಂಗ ನಾಲ್ಕೇ ವಚನದಲ್ಲಿ ಮುಗಿಯುತ್ತದೆ. ಜನ ಮಕ್ಕಳನ್ನು ಕರೆತರುತ್ತಾರೆ, ಶಿಷ್ಯರು ಗದರಿಸುತ್ತಾರೆ, ಯೇಸುವಿಗೆ ಸಿಟ್ಟು ಬರುತ್ತದೆ, ಮಕ್ಕಳನ್ನು ತಬ್ಬಿಕೊಂಡು ಹರಸುತ್ತಾರೆ. ಇದೇ ಪ್ರಸಂಗ ಮತ್ತಾಯ, ಲೂಕರಲ್ಲೂ ಇದೆ. ಸಿಟ್ಟಿನ ಮಾತು ಮಾರ್ಕನಲ್ಲಿ ಮಾತ್ರ. ಸಾವಿರ ಪ್ರಸಂಗಗಳಲ್ಲಿ ಇದನ್ನೇ ಈ ಗೋಡೆಗೆ ತಂದದ್ದು ಏಕೆ ಎಂದು ಕೇಳಿಕೊಂಡರೆ ಉತ್ತರ ಸುಲಭ: ಇದು ಮಕ್ಕಳು ಓದುವ ಜಾಗ. ಪೂಜೆ ಮುಗಿಸಿ ತಿರುಗಿ ಹೊರಟ ಹುಡುಗರಿಗೆ ಎದುರಾಗುವುದು ಈ ಗೋಡೆ. ಗದರಿಸುವವರ ಕಡೆಯಲ್ಲ, ನಿಮ್ಮ ಕಡೆ ನಿಂತ ಒಬ್ಬರಿದ್ದಾರೆ ಎಂದು ಅವರಿಗೆ ಹೇಳಿ ಕಳಿಸಿದ ಹಾಗೆ. ಗೋಡೆ ಆರಿಸುವುದೂ ಒಂದು ಕಲೆ, ಅದನ್ನು ನಮ್ಮ ಕಡೆ ಈಗ ಮರೆತಿದ್ದೇವೆ. ಎಲ್ಲಿ ಜಾಗ ಉಳಿಯಿತೋ ಅಲ್ಲಿ ಯಾವುದೋ ಒಂದು ಚಿತ್ರ ಅಂಟಿಸಿಬಿಡುತ್ತೇವೆ.

ಅದೇ ಅಧ್ಯಾಯದಲ್ಲಿ ಮಕ್ಕಳ ಪ್ರಸಂಗ ಮುಗಿದ ಕೂಡಲೇ ಒಬ್ಬ ಸಿರಿವಂತ ಓಡಿ ಬರುತ್ತಾನೆ. ನಿತ್ಯಜೀವಕ್ಕೆ ಏನು ಮಾಡಲಿ ಎಂದು ಕೇಳುತ್ತಾನೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಮುಖ ಸಣ್ಣದು ಮಾಡಿಕೊಂಡು ಹೋಗಿಬಿಡುತ್ತಾನೆ. ಈಗ ತಲೆಯೆತ್ತಿ ನಡುಮಾಡು ನೋಡಿ. ಅಲ್ಲಿರುವುದು ಈ ಚಾಪೆಲಿಗೆ ಹೆಸರು ಕೊಟ್ಟ ಸಂತ ಅಲೋಶಿಯಸ್ ಗೊನ್ಜಾಗರ ಜೀವನ. 1568ರಲ್ಲಿ ಇಟಲಿಯ ಕಾಸ್ತಿಲ್ಯೋನೆಯ ಅರಸುಮನೆತನದಲ್ಲಿ ಹಿರಿಮಗನಾಗಿ ಹುಟ್ಟಿ, ಕೆಲವು ವರ್ಷ ಸ್ಪೇನಿನ ಆಸ್ಥಾನದಲ್ಲಿದ್ದು, ತನ್ನ ಪಾಲಿಗೆ ಬರಬೇಕಿದ್ದ ಸಂಸ್ಥಾನವನ್ನು ತಮ್ಮನಿಗೆ ಬರೆದುಕೊಟ್ಟು ಸನ್ಯಾಸಕ್ಕೆ ಹೊರಟ ಹುಡುಗ. ಆ ಸಿರಿವಂತ ಮಾಡದೆ ಹೋದದ್ದನ್ನು ಇವನು ಮಾಡಿದ. ನನಗೆ ಹಿಂದಿನ ಗೋಡೆಯೂ ಮೇಲಿನ ಮಾಡೂ ಒಂದೇ ಅಧ್ಯಾಯದ ಎರಡು ಪುಟದಂತೆ ಕಾಣುತ್ತವೆ. ಮಾರ್ಕನ 10ನೇ ಅಧ್ಯಾಯ ಓದಿಕೊಂಡು ಹೋಗಿ, ಹತ್ತು ನಿಮಿಷದ ಓದು. ನಿಮಗೂ ಹಾಗೇ ಅನ್ನಿಸೀತು.

ಇಳಿಜಾರು ಮಾಡಿನಲ್ಲಿ ಪ್ರೇಷಿತರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು ಇದ್ದಾರೆ. ಒಮ್ಮೆ ನಾನು ಕೂತಲ್ಲಿ ಮುಂದಿನ ಬೆಂಚಿನಲ್ಲಿ ಅಜ್ಜಿಯೊಬ್ಬರು ಮೊಮ್ಮಗನಿಗೆ ಕೊಂಕಣಿಯಲ್ಲಿ ಒಬ್ಬೊಬ್ಬರನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ನಾನೂ ಅವರ ಬೆರಳಿನ ಹಿಂದೆ ನೋಡುತ್ತಿರುವುದು ಅವರಿಗೆ ಗೊತ್ತಾಯಿತು.

"ನಿಮಗೆ ಎಲ್ಲಿ ಆಯ್ತು ಮಾರಾಯ್ರೆ?"

"ಹೊನ್ನಾವರ, ಅಮ್ಮ. ಕೊಂಕಣಿ ಸ್ವಲ್ಪ ತಿಳೀತದೆ."

"ಹಾಗಾದ್ರೆ ಕೇಳಿ, ಕೇಳಿ. ನಮ್ಮ ಯಜಮಾನ್ರು ಇಲ್ಲೇ ಕಲಿತದ್ದು. ಪಾದ್ರಿಗಳು ಹೇಳಿದ ಪ್ರಸಂಗ ಒಂದೂ ನೆನಪಿಲ್ಲ, ಈ ಮಾಡು ಮಾತ್ರ ಕಣ್ಣಲ್ಲಿ ಉಂಟು ಅಂತಿದ್ರು."

ಮೊಮ್ಮಗನಿಗೆ ಅವರು ಕಲಿಸುತ್ತಿದ್ದ ಉಪಾಯ ನಮಗೂ ಹೊಸದಲ್ಲ. ಕೈಯಲ್ಲಿ ಏನಿದೆ ನೋಡು, ಯಾರೆಂದು ತಿಳಿಯುತ್ತದೆ. ಗದೆ ಕಂಡರೆ ಹನುಮ, ಕೊಳಲು ಕಂಡರೆ ಕೃಷ್ಣ ಎನ್ನುವ ಹಾಗೆ ಕ್ರೈಸ್ತ ಚಿತ್ರಗಳಲ್ಲೂ ಲಕ್ಷಣ ಗೊತ್ತಾಗಿದೆ. ಪೇತ್ರನಿಗೆ ಕೀಲಿಕೈ, ಅದು ಮತ್ತಾಯನ 16ನೇ ಅಧ್ಯಾಯದ ಮಾತಿನಿಂದ ಬಂದದ್ದು. ಅಂದ್ರೆಯನಿಗೆ ಅಡ್ಡಡ್ಡ ಕಟ್ಟಿದ ಶಿಲುಬೆ, ಬಾರ್ತಲೋಮಯನಿಗೆ ಚೂರಿ. ಇವು ಬೈಬಲಿನಲ್ಲಿಲ್ಲ, ಅವರು ಸತ್ತ ಬಗೆಯನ್ನು ಹೇಳುವ ಹಳೆಯ ಕಥೆಗಳಿಂದ ಬಂದವು. ಯಾವುದು ಗ್ರಂಥದ್ದು, ಯಾವುದು ಜನ ಸೇರಿಸಿದ್ದು ಎಂದು ಬೇರೆ ಮಾಡಿ ನೋಡುತ್ತ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನಾನು ಹೆಚ್ಚು ಹೊತ್ತು ನೋಡಿದ್ದು ಪೀಠದ ಕಡೆಯ ಚಿತ್ರಗಳನ್ನು, ಅದರಲ್ಲೂ ರೋಮ್ ನಗರದ ಪ್ಲೇಗು ರೋಗಿಗಳ ಸೇವೆಯಲ್ಲಿ ಅಲೋಶಿಯಸ್ ಇರುವುದನ್ನು. 1591ರಲ್ಲಿ ರೋಮಿಗೆ ಪ್ಲೇಗು ಬಂದಾಗ ಬೀದಿಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ತಂದು, ಅದೇ ರೋಗ ತಗುಲಿ, 23ನೇ ವಯಸ್ಸಿಗೆ ತೀರಿಕೊಂಡವರು ಅವರು. ಇದರ ಹಿಂದಿರುವುದು ಮತ್ತಾಯನ 25ನೇ ಅಧ್ಯಾಯ: ಹಸಿದವರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಮಾಡಿದ್ದೆಲ್ಲ ನನಗೇ ಮಾಡಿದ್ದು ಎನ್ನುವ ಮಾತು. ಆದರೆ ಚಿತ್ರ ಬರೆದ ಕಾಲ ನೆನಪಿಗೆ ತಂದುಕೊಳ್ಳಿ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತ್ತು, ಅಲ್ಲಿಂದ ದೇಶದ ತುಂಬ ಹಬ್ಬುತ್ತಿತ್ತು. ಮೊಸ್ಕೆನಿ ಸಾರುವೆ ಹತ್ತಿದ 1899ರಲ್ಲಿ ಪ್ಲೇಗು ಎಂದರೆ ಮುನ್ನೂರು ವರ್ಷ ಹಿಂದಿನ ಇಟಲಿಯ ಕಥೆ ಆಗಿರಲಿಲ್ಲ. ಊರು ಬಿಟ್ಟು ಗದ್ದೆಯಲ್ಲಿ ಜೋಪಡಿ ಹಾಕಿಕೊಂಡು ಕೂತ ಜನರ ಈವತ್ತಿನ ಸಂಕಟವಾಗಿತ್ತು. ನಮ್ಮ ಹಿರಿಯರ ಬಾಯಲ್ಲೂ ಆ ಮಾತು ಕೇಳಿದ್ದೇವಲ್ಲ. ಆ ಚಿತ್ರದ ಕೆಳಗೆ ಕೂತ ಹುಡುಗರು ಅದನ್ನು ನೋಡಿದ್ದು ಆ ಭಯದ ನಡುವೆ.

ಈಗ ಅಲ್ಲಿಂದ ಹೊರಬಿದ್ದು ಕಂಕನಾಡಿಗೆ ಹೋಗಿ. ಯೇಸುಸಭೆಯ ಇನ್ನೊಬ್ಬರು, ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್, 1880ರಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದವರು, 1890ರಲ್ಲಿ ಅಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗಿಗೆಂದೇ ಆಸ್ಪತ್ರೆ ತೆರೆದರು. ಗೋಡೆಯ ಮೇಲೆ ಬಣ್ಣದಲ್ಲಿದ್ದದ್ದು ಎರಡು ಮೈಲಿಯೊಳಗೆ, ಒಂದೆರಡು ವರ್ಷದೊಳಗೆ, ಮಂಚ ಔಷಧಿಗಳ ಸಮೇತ ನಿಂತಿತು. ಚಿತ್ರ ನೋಡಿ ಆಸ್ಪತ್ರೆ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಓದಿದ್ದು ಒಂದೇ ಅಧ್ಯಾಯ. ಒಬ್ಬರು ಕುಂಚ ಹಿಡಿದರು, ಇನ್ನೊಬ್ಬರು ಔಷಧದ ಪೆಟ್ಟಿಗೆ. ಚಾಪೆಲ್ ನೋಡಿದವರು ಫಾದರ್ ಮುಲ್ಲರ್ ಆಸ್ಪತ್ರೆಯ ಮುಂದೆ ಒಮ್ಮೆ ನಿಂತು ಬಂದರೆ ಆ ಚಿತ್ರದ ತೂಕ ತಿಳಿಯುತ್ತದೆ.

ಕೆಲವರು ಇದನ್ನು ರೋಮಿನ ಸಿಸ್ಟೀನ್ ಚಾಪೆಲ್‌ಗೆ ಹೋಲಿಸುತ್ತಾರೆ. ಅಭಿಮಾನದಿಂದಲೇ ಹೇಳುತ್ತಾರೆ, ಆದರೆ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಮೈಕೆಲೇಂಜಲೊ 1508ರಿಂದ 1512ರವರೆಗೆ ಮಾಡಿನ ಮೇಲೆ ಬರೆದದ್ದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಕಥೆ, ಸೃಷ್ಟಿಯಿಂದ ಜಲಪ್ರಳಯದ ನೋಹನವರೆಗೆ. ಅದು ಪೋಪರ ಚಾಪೆಲ್. ಇಲ್ಲಿರುವುದು ಹೊಸ ಒಡಂಬಡಿಕೆ ಮತ್ತು ಒಬ್ಬ ಹರೆಯದ ಸಂತನ ಜೀವನ. ಇದು ಹುಡುಗರ ಶಾಲೆಯ ಚಾಪೆಲ್. ಇಲ್ಲಿನ ಚಿತ್ರ ಮೈಮೇಲೆ ಬೀಳುವುದಿಲ್ಲ, ಹೆದರಿಸುವುದಿಲ್ಲ. ಮೊಸ್ಕೆನಿಯ ಮುಖಗಳು ಮೆದು, ಕೆಲವು ಕಡೆ ಸ್ವಲ್ಪ ಹೆಚ್ಚೇ ಮೆದು ಅನ್ನಿಸಿದ್ದೂ ಉಂಟು. ಆದರೆ ಯಾರಿಗಾಗಿ ಬರೆದರೋ ಅವರಿಗೆ ಅದೇ ಸರಿ. ದೊಡ್ಡ ಹೆಸರಿನ ನೆರಳಿಗೆ ತಳ್ಳಿದರೆ ಇದರ ಸ್ವಂತ ಗುಣವೇ ಕಾಣದೆ ಹೋಗುತ್ತದೆ.

ಬೈಬಲಿನ ಕಥೆಗೆ ಈ ಗೋಡೆಗಳಲ್ಲಿ ಬಣ್ಣ ಬಂದದ್ದು ಮೊಸ್ಕೆನಿಯಿಂದ. ಕನ್ನಡದ ಛಂದಸ್ಸು ಅದಕ್ಕೂ ಮೊದಲೇ ಬಂದಿತ್ತು. ನಿಘಂಟಿನ ಕಿಟೆಲರು 1862ರಲ್ಲಿ ಕ್ರಿಸ್ತನ ಜೀವನವನ್ನು ಕನ್ನಡದ ಮಟ್ಟುಗಳಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಮುಂದೆ ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದರು, ಯೇಸುವಿನ ಕೊನೆಯ ದಿನದ ಖಂಡಕಾವ್ಯ. ಮಂಜೇಶ್ವರ ಇಲ್ಲಿಂದ ಇಪ್ಪತ್ತೇ ಕಿಲೋಮೀಟರ್. ಕ್ರೈಸ್ತರಲ್ಲದ ಒಬ್ಬ ಕನ್ನಡ ಕವಿ ಅದೇ ಬಿಟ್ಟ ಜಾಗವನ್ನು ಕನ್ನಡದ ಪದಗಳಿಂದ ತುಂಬಿದರು. ಚಾಪೆಲ್ ನೋಡಿ ಊರಿಗೆ ಹಿಂತಿರುಗಿದ ಮೇಲೆ ಅದನ್ನು ಹುಡುಕಿ ಓದಿದೆ. ಹಳಗನ್ನಡದ ಬಿಗಿ ಇದೆ, ನಿಧಾನಕ್ಕೆ ಓದಬೇಕು. ಚಿತ್ರ ನೋಡಿ ಬಂದವರಿಗೆ ಅದು ಬೇಗ ಒಲಿಯುತ್ತದೆ ಎನ್ನುವುದು ನನ್ನ ಅನುಭವ.

ಈಗಿನ ಸ್ಥಿತಿ ಹೇಗಿದೆ ಎಂದರೆ, ನೂರಿಪ್ಪತ್ತು ಮಳೆಗಾಲ ಕಳೆದ ಗೋಡೆಗೆ ಬಹಳ ಚೆನ್ನಾಗಿದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಲಖನೌ ತಜ್ಞರು ಬಂದು ಚಿತ್ರಗಳನ್ನು ಸಂರಕ್ಷಿಸಿದರು. ನನ್ನ ಕಸುಬಿನಲ್ಲಿ ಹಳೆ ಗೋಡೆಗೆ ಇರುವ ದೊಡ್ಡ ಶತ್ರು ಮಳೆಯಲ್ಲ, ಅವಸರದ ರಿಪೇರಿ. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿ, ಮೇಲೆ ಪ್ಲಾಸ್ಟಿಕ್ ಪೇಂಟು ಹೊಡೆದರೆ ಒಳಗಿನ ತೇವ ಹೊರಗೆ ಬರಲಾರದೆ ಗಾರೆಯನ್ನೇ ಉದುರಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಾವಿ ಚಿತ್ರಗಳು ಹೀಗೇ ಹೋದವು. ರಾಮಾಯಣದ ಒಂದಿಡೀ ಸಾಲು ಆಯಿಲ್ ಪೇಂಟಿನಡಿ ಹೋದದ್ದನ್ನು ನೋಡಿ ಹೊಟ್ಟೆ ಉರಿದಿದೆ. ದೇವಸ್ಥಾನದ ಆಡಳಿತ ಮಂಡಳಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ದಯವಿಟ್ಟು ಒಮ್ಮೆ ಇಲ್ಲಿಗೆ ಬಂದು ನೋಡಿ. ಹಳೆಯದನ್ನು ಹಳೆಯದಾಗಿಯೇ ಉಳಿಸಿದರೆ ಎಷ್ಟು ಜನ ಹುಡುಕಿಕೊಂಡು ಬರುತ್ತಾರೆ ಎಂಬುದು ಕಣ್ಣೆದುರೇ ಇದೆ.

ಹೋಗುವವರಿಗೆ ಒಂದಿಷ್ಟು ವಿವರ. ಹಂಪನಕಟ್ಟೆಯಿಂದ ನಡೆದೇ ಹೋಗಬಹುದು, ಏರು ಇದೆ. ವಯಸ್ಸಾದವರಿದ್ದರೆ ಆಟೋ ಹಿಡಿಯಿರಿ, ಬಾವುಟಗುಡ್ಡೆ ಅಲೋಶಿಯಸ್ ಎಂದರೆ ಸಾಕು. ಬಲಿಪೂಜೆಯ (ಚರ್ಚಿನ ಮುಖ್ಯ ಪ್ರಾರ್ಥನೆಯ) ಹೊತ್ತು ತಪ್ಪಿಸಿ ಹೋಗಿ, ಮೊದಲೇ ವಿಚಾರಿಸಿಕೊಂಡರೆ ಒಳ್ಳೆಯದು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಇದರ ಬಗ್ಗೆ ಗೊಣಗುವವರನ್ನು ಕಂಡಿದ್ದೇನೆ, ನನಗೆ ಮಾತ್ರ ಇದು ದೊಡ್ಡ ಉಪಕಾರ. ಮೊಬೈಲು ಒಳಗಿಟ್ಟ ಕೈಗಳು ಆಗ ಮಕ್ಕಳ ಹೆಗಲ ಮೇಲೆ ಬರುತ್ತವೆ, ಮೇಲೆ ತೋರಿಸುತ್ತವೆ. ಚಿಕ್ಕ ದುರ್ಬೀನು ಇದ್ದರೆ ತೆಗೆದುಕೊಂಡು ಹೋಗಿ, ಮಾಡಿನ ಚಿತ್ರಗಳಿಗೆ ಬೇಕಾಗುತ್ತದೆ. ಮೊದಲು ಮಧ್ಯದ ಬೆಂಚಿನಲ್ಲಿ ಕೂತು ಮೇಲೆ ನೋಡಿ, ಆಮೇಲೆ ಪೀಠದ ಕಡೆ, ಹಿಂದಿನ ಗೋಡೆ ಕೊನೆಗೆ. ಅದೇ ಆವರಣದಲ್ಲಿ 1913ರಲ್ಲಿ ಶುರುವಾದ ಅಲೋಶಿಯಂ ಮ್ಯೂಸಿಯಂ ಇದೆ, ಮಕ್ಕಳಿಗೆ ಇಷ್ಟವಾಗುತ್ತದೆ; ನಾನು ಅಲ್ಲಿ ಹೆಚ್ಚು ಹೊತ್ತು ನಿಂತಿಲ್ಲ.

ಮೊಸ್ಕೆನಿಯವರ ಕೈ ಇನ್ನೂ ನೋಡಬೇಕು ಅನ್ನಿಸಿದವರಿಗೆ ಮುಂಬಯಿಯ ಹೋಲಿ ನೇಮ್ ಕೆಥೆಡ್ರಲ್ ಇದೆ. ಮಂಗಳೂರಿನಲ್ಲೇ ಆದರೆ, ಪಾದ್ರಿಗಳಾಗುವವರು ಓದುವ ಜೆಪ್ಪುವಿನ ಸೆಮಿನರಿಯ ಇಗರ್ಜಿ. ಅವರು 1905ರಲ್ಲಿ ಕೊಚ್ಚಿಯಲ್ಲಿ ಭೇದಿ ರೋಗದಿಂದ ತೀರಿಕೊಂಡರು, 51 ವರ್ಷ. ಭಾರತದಲ್ಲಿ ಅವರಿಗೆ ಸಿಕ್ಕಿದ್ದು ಏಳು ವರ್ಷ. ಜೆಪ್ಪುವಿನದು ಸೆಮಿನರಿ ವಿದ್ಯಾರ್ಥಿಗಳು ಪ್ರಾರ್ಥನೆ ಮಾಡುವ ಜಾಗ, ಹಾಗಾಗಿ ಕಚೇರಿಯಲ್ಲಿ ಕೇಳಿಕೊಂಡು ಹೋಗಿ. ಬೆಳಿಗ್ಗೆ ಚಾಪೆಲ್, ಮಧ್ಯಾಹ್ನ ಊಟವಾದ ಮೇಲೆ ಅದು ಎಂದು ಇಟ್ಟುಕೊಂಡರೆ ಒಂದು ದಿನ ಸರಿಹೋಗುತ್ತದೆ.